ಮೂರು ಬರ್ನರಿನ ಸ್ಟ್ಯಾಂಡಿಗೆ ಯಾವ ಚಕ್ರ? ಅನುಭವ ಇದ್ದವರು ಹೇಳಿ

ಕುಂಜಿಬೆಟ್ಟಿನವ:
ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣ ಸಮಾರಂಭಗಳ ಅಡುಗೆ ಆರ್ಡರ್ ತಗೊಳ್ತೇವೆ. 40 ಎಂಎಂ ಚೌಕ ಪೈಪಿನಲ್ಲಿ ಸ್ಟ್ಯಾಂಡ್ ನಾವೇ ವೆಲ್ಡ್ ಮಾಡಿದ್ದು, ಖಾಲಿಯೇ 70 ಕೆಜಿ ಉಂಟು. ಮೇಲೆ 60 ಲೀಟರಿನ ಎರಡು ಕೊಪ್ಪರಿಗೆ, 40ರದ್ದು ಒಂದು. ಒಳಗೆ ಟೈಲ್ಸ್, ಅಂಗಳದಲ್ಲಿ ಇಂಟರ್‌ಲಾಕ್. ತೊಳೀಲಿಕ್ಕೆ ಹೊರಗೆ ತಳ್ಳಬೇಕು. ಎಷ್ಟು ಇಂಚು? ನೈಲಾನಾ, ಪಿಯುವಾ (ಪಾಲಿಯುರೆಥೇನ್, ರಬ್ಬರಿನ ಹಾಗಿರುವುದು)? ಬಜೆಟ್ ನಾಲ್ಕು ಸಾವಿರ.

ಕಾಪುವಿನ ಅಡುಗೆಯವ:
ಪಿಯು ಹೆಸರೆತ್ತಬೇಡಿ ಮಾರಾಯ್ರೆ. 4 ಇಂಚಿನದ್ದು, ಒಂದಕ್ಕೆ 650ರಂತೆ 2,600. ಪ್ಲೇಟ್, ಬೋಲ್ಟ್, ವಾಷರ್ 340. ವೆಲ್ಡಿಂಗಿನವನಿಗೆ 500, ಅವನನ್ನು ಕರೆತರಲಿಕ್ಕೆ ರಿಕ್ಷಾ 180 ಬೇರೆ. ಅಂಗಡಿಯವ "ಶಬ್ದ ಬರುವುದಿಲ್ಲ, ಟೈಲ್ಸಿಗೆ ಗೀಟು ಬೀಳುವುದಿಲ್ಲ" ಹೇಳಿದ. ಅದು ಸುಳ್ಳಲ್ಲ. ಆದರೆ ಮಳೆಗಾಲ ಮುಗಿಯುವಾಗ ಚಕ್ರದ ಹೊರಪದರ ಹಲಸಿನ ಮೇಣದ ಹಾಗೆ ಅಂಟಂಟು, ಆಮೇಲೆ ತುಂಡು ತುಂಡಾಗಿ ಉದುರಿತು. ತಗೊಂಡು ಹೋದರೆ "ನೀವು ಗಂಜಿತಿಳಿ ಚೆಲ್ಲಿದ್ದೀರಿ" ಅಂತ ನನಗೇ ಜೋರು! ಅಡುಗೆಮನೆಯಲ್ಲಿ ಗಂಜಿತಿಳಿ ಚೆಲ್ಲದೆ ಮತ್ತೆಂತ ಗಂಗಾಜಲ ಚೆಲ್ತದಾ? ಈಗ ನೈಲಾನ್ ಹಾಕಿದ್ದೇನೆ, 410 ರೂಪಾಯಿಯದ್ದು. ಇಂಟರ್‌ಲಾಕ್ ಮೇಲೆ ತಳ್ಳಿದರೆ ಆಚೆಮನೆಯ ನಾಯಿ ಎದ್ದು ಬೊಗಳ್ತದೆ, ಅಷ್ಟೆ.

ಉರ್ವಸ್ಟೋರ್ 304:
ಅಗ್ಗದ್ದು ತಗೊಂಡು ಪಿಯುಗೆ ಯಾಕೆ ಬೈಯುವುದು? ನಾನು ಬಾಡಿ ಇಡೀ 304, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಜಾತಿಯ ಸ್ಟೀಲಿನದ್ದು ತರಿಸಿದೆ, 5 ಇಂಚು. ಒಂದಕ್ಕೆ 1,450, ನಾಲ್ಕಕ್ಕೆ 5,800, ಕೊರಿಯರ್ 380. ಎರಡು ಫಿಕ್ಸೆಡ್, ಎರಡು ಬ್ರೇಕ್ ಇರುವ ತಿರುಗುವಂಥದ್ದು. ಮನೆಯವರು "ಚಕ್ರಕ್ಕೆ ಆರು ಸಾವಿರವಾ" ಅಂತ ಈಗಲೂ ಹೇಳ್ತಾರೆ. ಹೇಳಲಿ. ಕಡಲ ಗಾಳಿಗೆ ಜಿಂಕ್ ಪಾಲಿಶಿನದ್ದು ಎಷ್ಟು ದಿನ ಬರ್ತದೆ? ನಾನು ಮ್ಯಾಗ್ನೆಟ್ ಹಿಡಿದು ನೋಡಿಯೇ ತಗೊಂಡದ್ದು.

ಬೈಕಂಪಾಡಿ ಫಿಟ್ಟರ್:
ಮ್ಯಾಗ್ನೆಟ್ಟಿನಲ್ಲಿ ಎಂತದೂ ಗೊತ್ತಾಗುವುದಿಲ್ಲ ಸಾರ್. 202 ಅಂತ ಅಗ್ಗದ ಜಾತಿಯ ಸ್ಟೀಲ್ ಉಂಟು, ಅದೂ ಅಂಟುವುದಿಲ್ಲ. ಪಾತ್ರೆ ಅಂಗಡಿಯವರ ಹತ್ತಿರ ಟೆಸ್ಟ್ ಹನಿ ಇರ್ತದೆ, ಬ್ಯಾಟರಿ ಮುಟ್ಟಿಸಿದರೆ 202 ಕೆಂಪಾಗ್ತದೆ.

ಕಾಪು ಅಣ್ಣನದ್ದು ಪಾಲಿಯೆಸ್ಟರ್ ಜಾತಿಯ ಪಿಯು ಇರಬೇಕು. ಬಿಸಿ, ತೇವ ಎರಡೂ ಸೇರಿದರೆ ಅದು ಹಾಗೆಯೇ ಪುಡಿಯಾಗುವುದು. ಪಾಲಿಈಥರ್ ಜಾತಿಯದ್ದು ತಡೀತದೆ. ಆದರೆ ಅಂಗಡಿಯಲ್ಲಿ ಅದನ್ನು ಕೇಳಿದರೆ ಮುಖ ನೋಡ್ತಾರೆ.

ಲೋಡ್ ಲೆಕ್ಕ: ಸ್ಟ್ಯಾಂಡ್ 70, ಕೊಪ್ಪರಿಗೆಯಲ್ಲಿ ತುಂಬಿದ್ದು 160, ಮೂರೂ ಪಾತ್ರೆ ಸೇರಿ ಒಂದು 30. ಒಟ್ಟು 260. ಇದನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಿ. ನೆಲ ಸ್ವಲ್ಪ ಓರೆ ಇದ್ದರೂ ಒಂದು ಚಕ್ರ ಗಾಳಿಯಲ್ಲಿ. ಒಂದಕ್ಕೆ 100 ಕೆಜಿಗಿಂತ ಕಡಿಮೆಯದ್ದು ಮುಟ್ಟಬೇಡಿ. ಬ್ರೇಕ್ ಅಂದರೂ ಎರಡು ತರ. ಸಾದಾ ಬ್ರೇಕ್ ಉರುಳುವುದನ್ನು ಮಾತ್ರ ಹಿಡೀತದೆ, ಚಕ್ರದ ಮೇಲಿನ ತಲೆ ಆಚೀಚೆ ತಿರುಗ್ತಾ ಇರ್ತದೆ. ನಮ್ಮಲ್ಲಿ ಅದರಿಂದಲೇ ಸ್ಟ್ಯಾಂಡ್ ಓರೆಯಾಗಿ ಕುದಿಯುವ ಸಾರು ಹುಡುಗನ ಕಾಲಿಗೆ ಬಿತ್ತು. ಆಸ್ಪತ್ರೆ, ಮದ್ದು, ಅವನ ರಜೆಯ ಸಂಬಳ ಎಲ್ಲ ಸೇರಿ 11,700. ಎರಡನ್ನೂ ಲಾಕ್ ಮಾಡುವುದು ತಗೊಳ್ಳಿ, 200 ಹೆಚ್ಚಾಗ್ಲಿ.

ಬಾರ್ಕೂರು ಹಳೆಮನೆ:
ನಾನು ಆರು ಚಕ್ರ ಹಾಕಿದ್ದೇನೆ, ಬೀಡು ಕಬ್ಬಿಣದ್ದು. ಯಾವ ಪಿಯುವೂ ಇಲ್ಲ, ಯಾವ ಲೆಕ್ಕವೂ ಇಲ್ಲ. ಬಿಸಿಗೆ ಕರಗುವ ಮಾತೇ ಇಲ್ಲ.

ಬೈಕಂಪಾಡಿ ಫಿಟ್ಟರ್:
ಆರು ಹಾಕಿದರೆ ನಡುವಿನ ಎರಡರ ಮೇಲೆ ತೊಟ್ಟಿಲು ತೂಗಿದ ಹಾಗೆ ತೂಗ್ತದೆ. ಬೀಡಿನ ಚಕ್ರ ಟೈಲ್ಸ್ ಒಡೀತದೆ.

ಬಾರ್ಕೂರು ಹಳೆಮನೆ:
ನಮ್ಮದು ಟೈಲ್ಸ್ ಅಲ್ಲ, ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ. ಗೀಟು ಬಿದ್ದದ್ದು ಹೌದು, ಒಡೆದದ್ದಲ್ಲ. ನಿಮ್ಮ ಫ್ಯಾಕ್ಟರಿ ಲೆಕ್ಕ ಅಡುಗೆಮನೆಗೆ ತರಬೇಡಿ.

ಉರ್ವಸ್ಟೋರ್ 304:
ಅಜ್ಜನ ರೆಡ್ ಆಕ್ಸೈಡಿಗೆ ಬೀಡಿನ ಚಕ್ರವಾ! ಅದನ್ನು ಈಗ ಹಾಕುವವರೇ ಸಿಗುವುದಿಲ್ಲ, ಸಿಕ್ಕಿದರೂ ಚದರಡಿಗೆ ಕೇಳುವ ರೇಟ್ ಗೊತ್ತುಂಟಾ? ನನ್ನ ಆರು ಸಾವಿರಕ್ಕೆ ನಗುವವರು ಇದಕ್ಕೆ ಎಂತ ಹೇಳ್ತೀರಿ?

ಬಾರ್ಕೂರು ಹಳೆಮನೆ:
ನಿಮ್ಮದು 202 ಅಂತ ಮೇಲೆ ಒಬ್ರು ಹೇಳಿ ಆಯ್ತಲ್ಲ. ಮೊದಲು ಹನಿ ಹಾಕಿ ನೋಡಿ, ಆಮೇಲೆ ನನ್ನ ನೆಲದ ಚಿಂತೆ.

ಕುಂಜಿಬೆಟ್ಟಿನವ:
ಹಾಗಾದರೆ 5 ಇಂಚು ನೈಲಾನ್, ಎರಡು ಫಿಕ್ಸೆಡ್, ಎರಡು ಪೂರ್ತಿ ಲಾಕ್ ಆಗುವುದು. ಸರಿಯಾ?

ಮಲ್ಪೆ ಅಕ್ಕ:
ಚಕ್ರ ಎಂತದಾದ್ರೂ ಹಾಕಿ ತಮ್ಮ, ಅಡುಗೆ ಮಾಡುವಾಗ ಭಾರ ಚಕ್ರದ ಮೇಲೆ ಬೇಡ. ನಾಲ್ಕು ಮೂಲೆಗೆ ತಿರುಪಿನ ಕಾಲು ಕೊಡಿಸಿ, ಇಳಿಸಿದರೆ ಚಕ್ರ ಎತ್ತಿ ನಿಲ್ತದೆ. ನಮಗೆ 900 ಆಯ್ತು. ತಳ್ಳುವ ಮೊದಲು ಸಿಲಿಂಡರಿನ ಪೈಪ್ ಬಿಚ್ಚಿ.

ಕಾಪುವಿನ ಅಡುಗೆಯವ:
900ಕ್ಕೆ ನಾಲ್ಕು ತಿರುಪಿನ ಕಾಲಾ? ನಮ್ಮಲ್ಲಿ ಎರಡು ಸಾವಿರ ಕೇಳಿದ. ಯಾರಕ್ಕ ಆ ವೆಲ್ಡರ್?

ಉರ್ವಸ್ಟೋರ್ 304:
ಹನಿ ಹಾಕಿಸಿದೆ. ಬಾಡಿ ಕೆಂಪಾಗಲಿಲ್ಲ. ಬೋಲ್ಟ್ ಮಾತ್ರ ಕೆಂಪಾಯ್ತು, ಬೋಲ್ಟ್ ಲೆಕ್ಕಕ್ಕಿಲ್ಲ.

ಬಾರ್ಕೂರು ಹಳೆಮನೆ:
ಬೋಲ್ಟ್ ತುಕ್ಕು ಹಿಡಿದು ತುಂಡಾದರೆ ಚಕ್ರ ಎಲ್ಲಿ ನಿಲ್ತದೆ ಸ್ವಾಮಿ?