ಅಪ್‌ಡೇಟ್: ಬೇಸ್ ಜೋರಾದಾಗ ಆಂಪ್ ಆಫ್ ಆಗುತ್ತಿದ್ದದ್ದು ಸರಿಹೋಯಿತು

ಕಾರಿನಲ್ಲಿ ಬೇಸ್ ಜೋರಾದ ಕೂಡಲೇ ಆಂಪ್‌ನ (ಆಂಪ್ಲಿಫೈಯರ್) ಪ್ರೊಟೆಕ್ಟ್ ದೀಪ, ಅಂದರೆ ತೊಂದರೆ ಕಂಡು ಆಂಪ್ ತಾನೇ ಆಫ್ ಆಯಿತು ಅಂತ ತೋರಿಸುವ ದೀಪ, ಹತ್ತಿ ಸದ್ದು ನಿಲ್ಲುತ್ತದೆ, ಸಬ್‌ವೂಫರ್ (ಬೇಸ್ ಸ್ಪೀಕರ್) ಸುಟ್ಟಿದೆಯಾ ಅಂತ ಇಲ್ಲಿ ಕೇಳಿದ್ದೆ. ಸುಟ್ಟಿಲ್ಲ. ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 3.6 ಓಮ್ ಬಂತು. 4 ಓಮ್ ಸಬ್‌ಗೆ ಅದು ಸರಿಯೇ.

ತಪ್ಪು ಇದ್ದದ್ದು ಗ್ರೌಂಡ್‌ನಲ್ಲಿ, ಅಂದರೆ ಆಂಪ್‌ನ ನೆಗೆಟಿವ್ ವೈರ್ ಕಾರಿನ ಬಾಡಿಗೆ ಸೇರುವ ಜಾಗದಲ್ಲಿ. ಡಿಕ್ಕಿಯೊಳಗೆ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರು! ಹಾಡು ಜೋರಾಗಿ ಓಡುವಾಗ ಆಂಪ್‌ನ ಗ್ರೌಂಡ್ ಟರ್ಮಿನಲ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ ಅಳೆದೆ. 1.8 ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು. ಹಾಡು ಹಾಕದೆ ಸುಮ್ನೆ ಅಳೆದರೆ ಇದು ಗೊತ್ತಾಗುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುವಾಗಲೇ ನೋಡಬೇಕು. ಲೋಹ ಹೊಳೆಯುವವರೆಗೆ ಬಣ್ಣ ಉಜ್ಜಿದೆ. ಪವರ್ ವೈರ್‌ನಷ್ಟೇ ದಪ್ಪದ ಹೊಸ ವೈರ್ ಹಾಕಿದೆ, ಅರ್ಧ ಮೀಟರ್‌ಗಿಂತ ಕಡಿಮೆ ಉದ್ದ. ಈಗ 0.1 ವೋಲ್ಟ್ ಅಷ್ಟೇ.

ಗೇನ್ (ಒಳಬರುವ ಸಿಗ್ನಲ್‌ಗೆ ಆಂಪ್ ಅನ್ನು ಹೊಂದಿಸುವ ನಾಬ್) ಕೂಡ ಮತ್ತೆ ಹೊಂದಿಸಿದೆ. ಅದು ವಾಲ್ಯೂಮ್ ನಾಬ್ ಅಲ್ಲ ಅಂತ ನೀವು ಹೇಳಿದ್ದು ನಿಜ. 300 ವ್ಯಾಟ್‌ಗೆ ಆಂಪ್ ಔಟ್‌ಪುಟ್‌ನಲ್ಲಿ ಎಷ್ಟು ವೋಲ್ಟ್ ಬೇಕು ಅಂದರೆ, 300 × 4 ಓಮ್ = 1200, ಅದರ ವರ್ಗಮೂಲ ಸುಮಾರು 34.6 ವೋಲ್ಟ್ ಎಸಿ. ಸಬ್ ಬಿಚ್ಚಿಟ್ಟು, ಬೇಸ್ ಬೂಸ್ಟ್ ಸೊನ್ನೆ ಮಾಡಿ, 50 ಹರ್ಟ್ಸ್ ಟೋನ್ ಹಾಕಿ, ಅಷ್ಟು ವೋಲ್ಟ್ ಬರುವಲ್ಲಿಗೆ ಗೇನ್ ನಿಲ್ಲಿಸಿದೆ. ಲೋ ಪಾಸ್ (ಅದಕ್ಕಿಂತ ಮೇಲಿನ ಸ್ವರ ಸಬ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್.

ಸಬ್‌ನ ಸದ್ದಿನ ಅಲೆಯನ್ನು ತಿರುಗಾಮುರುಗಾ ಮಾಡುವ ಫೇಸ್ ಸ್ವಿಚ್ 180 ಡಿಗ್ರಿಗೆ ತಿರುಗಿಸಿದ ಮೇಲೆ ಡ್ರೈವರ್ ಸೀಟಿನಲ್ಲಿ ಬೇಸ್ ಇನ್ನೂ ತುಂಬಿ ಬರುತ್ತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.