ಬುರ್ಜ್ ಅಜೀಜಿ 725 ಮೀ., ಜಿದ್ದಾ ಟವರ್ ಒಂದು ಕಿ.ಮೀ. ಮೇಲೆ: ಇದರಲ್ಲಿ ನಿಜವಾದ ಮಹಡಿ ಎಷ್ಟು, ಆ ಆಕಾರ ಯಾಕೆ?

ಕುಂಬಳೆ_ಎತ್ತರಪ್ರಿಯ:
ದುಬೈಯ ಶೇಖ್ ಜಾಯೆದ್ ರಸ್ತೆಯಲ್ಲಿ ಬರಲಿರುವ ಬುರ್ಜ್ ಅಜೀಜಿಯ ಚಿತ್ರ ನೋಡಿದವರು ಯಾರೆಲ್ಲ ಇದ್ದೀರಿ? 725 ಮೀಟರ್, 131ಕ್ಕೂ ಹೆಚ್ಚು ಮಹಡಿ, 2028ಕ್ಕೆ ಮುಗಿಸುವ ಗುರಿ. ಅತ್ತ 2018ರಲ್ಲಿ ನಿಂತಿದ್ದ ಜಿದ್ದಾ ಟವರಿನ ಕೆಲಸ 2025ರ ಜನವರಿಯಲ್ಲಿ ಮತ್ತೆ ಶುರುವಾಗಿದೆ. ನಮ್ಮ ಕಾಸರಗೋಡಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವ ಕಾರಣ ಈ ಚಿತ್ರಗಳು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇವೆ, ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಈ ಎತ್ತರದಲ್ಲಿ ಜನ ಹೋಗಿ ಕೂರುವ ಜಾಗ ಎಷ್ಟು, ಬರಿಯ ಶಿಖರ ಎಷ್ಟು? ಬುರ್ಜ್ ಖಲೀಫಾ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತದೆ, ಜಿದ್ದಾ ಟವರ್ ನುಣ್ಣಗೆ ಓರೆಯಾಗಿ ಮೇಲೇಳುತ್ತದೆ. ಇದು ಬರಿಯ ಚಂದಕ್ಕೋ? ಅಷ್ಟು ಮೇಲಕ್ಕೆ ಕಾಂಕ್ರೀಟ್ ಹೋಗುವುದು ಹೇಗೆ? ಮತ್ತೆ ನಗಬೇಡಿ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ಮೇಲೆ 40 ಮಹಡಿ ನಿಲ್ಲುತ್ತದೆಯೇ?

ಪೆರ್ಲ_ಮಾಷ್ಟ್ರು:
ಎತ್ತರದ ವಿಷಯ ನಾನು ಹೇಳುತ್ತೇನೆ. ಎತ್ತರದ ಕಟ್ಟಡಗಳ ಪಟ್ಟಿ ಇಡುವ ಅಂತರರಾಷ್ಟ್ರೀಯ ಮಂಡಳಿ ಮೂರು ಅಳತೆ ಕೊಡುತ್ತದೆ: ವಾಸ್ತುವಿನ ತುದಿ, ಜನ ಬಳಸುವ ಕೊನೆಯ ಮಹಡಿ, ಮತ್ತು ಏನೇ ಇರಲಿ ಅದರ ಕಟ್ಟಕಡೆಯ ತುದಿ. ದಾಖಲೆಗೆ ಹಿಡಿಯುವುದು ಮೊದಲನೆಯದನ್ನು. ಇದರಲ್ಲಿ ಸ್ಪೈರ್ (ವಿನ್ಯಾಸದ ಭಾಗವಾದ ಶಿಖರ) ಸೇರುತ್ತದೆ, ಆ್ಯಂಟೆನಾ ಸೇರುವುದಿಲ್ಲ. 1998ರಲ್ಲಿ ಕ್ವಾಲಾಲಂಪುರದ ಪೆಟ್ರೊನಾಸ್ 452 ಮೀಟರಿನಲ್ಲಿ ಷಿಕಾಗೋದ 442 ಮೀಟರಿನ ಕಟ್ಟಡವನ್ನು ಹಿಂದೆ ಹಾಕಿದ್ದು ಹೀಗೆ. ಷಿಕಾಗೋದ್ದರ ಆ್ಯಂಟೆನಾ 500 ಮೀಟರ್ ದಾಟಿದ್ದರೂ ಲೆಕ್ಕಕ್ಕೆ ಬರಲಿಲ್ಲ, ಅದರ ಜಗಳ ವರ್ಷಗಟ್ಟಲೆ ನಡೆಯಿತು.

ಬುರ್ಜ್ ಖಲೀಫಾದ 828 ಮೀಟರಿನಲ್ಲಿ ಸುಮಾರು 244 ಮೀಟರ್ ಜನ ಹೋಗದ ಭಾಗ. ಶೇಕಡಾ 29 ಆಯಿತು. ಬುರ್ಜ್ ಅಲ್ ಅರಬ್ ಇನ್ನೂ ಮೇಲೆ: 321ರಲ್ಲಿ 124 ಮೀಟರ್, ಎಂದರೆ ಶೇ. 39. ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಬಳಕೆಗೆ ಬರುವುದಾದರೆ ಅದನ್ನು ಕಟ್ಟಡ ಎಂದೇ ಪರಿಗಣಿಸುವುದಿಲ್ಲ, ಗೋಪುರದ ಪಟ್ಟಿಗೆ ಹಾಕುತ್ತಾರೆ. 634 ಮೀಟರಿನ ಟೋಕಿಯೊ ಸ್ಕೈಟ್ರೀ ಆ ಪಟ್ಟಿಯಲ್ಲಿದೆ.

ಹೊಸ ಪ್ರಸ್ತಾಪ ಬಂದಾಗ ನೀವೇ ಅಂದಾಜು ಮಾಡಬಹುದು. ಮಹಡಿಯ ಸಂಖ್ಯೆಯನ್ನು 4 ಮೀಟರಿನಿಂದ ಗುಣಿಸಿ (ಬರಿಯ ಮನೆಗಳಾದರೆ 3.4 ಹಿಡಿದರೆ ಸಾಕು). 131 × 4 = 524. ಅಜೀಜಿಯಲ್ಲಿ ಇನ್ನು 200 ಮೀಟರ್ ಉಳಿಯಿತು. ಎತ್ತರದ ಲಾಬಿ, ಯಂತ್ರಗಳ ಎರಡು ಪಟ್ಟು ಎತ್ತರದ ಮಹಡಿ, ತುದಿಯ ಶಿಖರ ಎಲ್ಲ ಅದರಲ್ಲೇ ಬರಬೇಕು. ನನ್ನ ಲೆಕ್ಕದಲ್ಲಿ ಇದು ದುರಾಸೆಯ ಶಿಖರ ಅಲ್ಲ.

ಬದಿಯಡ್ಕ_ಸ್ಟ್ರಕ್ಚರಲ್:
ಚಂದಕ್ಕೋ ಎಂದು ಕೇಳಿದಿರಲ್ಲ, ಅಲ್ಲ. ಈ ಎತ್ತರದಲ್ಲಿ ಆಕಾರವನ್ನು ತೀರ್ಮಾನ ಮಾಡುವುದು ಗಾಳಿ. ಅದೂ ಎದುರಿನಿಂದ ನೂಕುವ ಗಾಳಿಗಿಂತ ಹೆಚ್ಚು ತೊಂದರೆ ಕೊಡುವುದು ಕಟ್ಟಡದ ಎರಡು ಬದಿಯಿಂದ ಒಂದಾದ ಮೇಲೊಂದು ಕಳಚಿಕೊಳ್ಳುವ ಸುಳಿ. ಅದು ಕಟ್ಟಡವನ್ನು ಗಾಳಿಗೆ ಅಡ್ಡಲಾಗಿ ತೂಗಿಸುತ್ತದೆ. ಸುಳಿ ಬಿಡುವ ತಾಳವೂ ಕಟ್ಟಡದ ಸ್ವಂತ ತೂಗಾಟದ ತಾಳವೂ ಒಂದೇ ಆದರೆ ಓಲಾಟ ಏರುತ್ತಾ ಹೋಗುತ್ತದೆ.

ಕಾಗದದಲ್ಲಿ ಲೆಕ್ಕ ಹಾಕಿ ನೋಡಿ. ಕಟ್ಟಡ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದಕ್ಕೆ ಒರಟು ಸೂತ್ರ: 46ನ್ನು ಎತ್ತರದಿಂದ ಭಾಗಿಸಿ. 725 ಮೀಟರಿಗೆ 0.063 ಬರುತ್ತದೆ, ಎಂದರೆ ಒಂದು ತೂಗಾಟಕ್ಕೆ ಸುಮಾರು 16 ಸೆಕೆಂಡ್. ಚೌಕದ ಕಟ್ಟಡದಲ್ಲಿ ಸುಳಿಯ ತಾಳ ಎಂದರೆ 0.12 × ಗಾಳಿಯ ವೇಗ ÷ ಅಗಲ. ಅಗಲ 50 ಮೀ. ಇಟ್ಟರೆ ಎರಡೂ ಒಂದಾಗುವ ವೇಗ ಸೆಕೆಂಡಿಗೆ 26 ಮೀಟರ್. ಆ ಎತ್ತರದಲ್ಲಿ ಇದು ಅಪರೂಪದ ಗಾಳಿ ಅಲ್ಲವೇ ಅಲ್ಲ. ಹಾಗಾಗಿ ಕೆಳಗಿನಿಂದ ಮೇಲಿನ ತನಕ ಒಂದೇ ಅಗಲದ ಪೆಟ್ಟಿಗೆ ಕಟ್ಟಿದರೆ ಆಗುವುದಿಲ್ಲ. ಅಗಲ ಬದಲಾಗುತ್ತಾ ಹೋದರೆ ಒಂದೊಂದು ಎತ್ತರದಲ್ಲಿ ಸುಳಿಯ ತಾಳ ಬೇರೆ ಬೇರೆ ಆಗುತ್ತದೆ, ಎಲ್ಲ ಸೇರಿ ಒಟ್ಟಿಗೆ ಎಳೆಯುವುದು ತಪ್ಪುತ್ತದೆ. ಬುರ್ಜ್ ಖಲೀಫಾದ 27 ಮೆಟ್ಟಿಲುಗಳು ಸುತ್ತುತ್ತಾ ಏರುವುದು ಇದಕ್ಕೇ. ಜಿದ್ದಾದಲ್ಲಿ ಅದೇ ಕೆಲಸವನ್ನು ಓರೆ ಮಾಡುತ್ತದೆ, ನಡುವಿನಿಂದ ಮೂರು ಕಡೆಗೆ ಚಾಚಿದ ರೆಕ್ಕೆಗಳು ಮುಗಿಯುವ ಎತ್ತರವೂ ಬೇರೆ ಬೇರೆ. ಎರಡರ ಹಿಂದೆಯೂ ಇರುವ ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್.

ಮೂರು ರೆಕ್ಕೆಯ ನಕ್ಷೆ ಬಿಗಿತವನ್ನೂ ಕೊಡುತ್ತದೆ. ನಡುವಿನ ಷಟ್ಕೋನದ ಕೋರ್ (ಲಿಫ್ಟುಗಳನ್ನು ಸುತ್ತುವರಿದ ಗಟ್ಟಿ ಕಾಂಕ್ರೀಟ್ ಗೋಡೆಗಳು) ತಿರುಚಿಕೊಳ್ಳದಂತೆ ಹಿಡಿದರೆ, ಒಂದು ರೆಕ್ಕೆಗೆ ಗಾಳಿ ಹೊಡೆದಾಗ ಉಳಿದೆರಡು ಊರೆಗೋಲಾಗಿ ನಿಲ್ಲುತ್ತವೆ. ಮೇಲಿನ ಒರಟು ಸೂತ್ರ 828 ಮೀಟರಿಗೆ 18 ಸೆಕೆಂಡ್ ಕೊಡುತ್ತದೆ, ಬುರ್ಜ್ ಖಲೀಫಾದ ವಿನ್ಯಾಸಕಾರರ ಲೆಕ್ಕದಲ್ಲಿ ಅದು 11.3 ಸೆಕೆಂಡ್ ಮಾತ್ರ. ತೂಗಾಟ ತಡೆಯಲು ಗುಂಡು ನೇತು ಹಾಕುವ ಅಗತ್ಯವೂ ಅಲ್ಲಿ ಬೀಳಲಿಲ್ಲ. ತೈಪೆ 101ರಲ್ಲಿ 660 ಟನ್ನಿನ ಗುಂಡು ಇದೆ, ಅದರ ಜತೆಗೆ ಮೂಲೆಗಳನ್ನು ಹಲ್ಲಿನ ಹಾಗೆ ಕಡಿದು ಗಾಳಿಯ ಹೊರೆಯನ್ನು ಕಾಲು ಭಾಗದಷ್ಟು ಇಳಿಸಿದ್ದಾರೆ. ಚಿತ್ರದಲ್ಲಿ ಮೂಲೆ ಹರಿತವಾಗಿ, ಮೇಲಿನ ತನಕ ಒಂದೇ ಅಗಲವಾಗಿ ಕಂಡರೆ ವಿಂಡ್ ಟನೆಲ್ ಪರೀಕ್ಷೆ (ಸಣ್ಣ ಮಾದರಿಗೆ ಗಾಳಿ ಹಾಯಿಸಿ ನೋಡುವುದು) ಇನ್ನೂ ಆಗಿಲ್ಲ ಎಂದೇ ತಿಳಿಯಿರಿ. ಆದ ಮೇಲೆ ಆ ಚಿತ್ರ ಬದಲಾಗುತ್ತದೆ.

ಉಪ್ಪಳ_ಬ್ಯಾಚಿಂಗ್:
ಕಾಂಕ್ರೀಟಿನ ಬಗ್ಗೆ. ಬುರ್ಜ್ ಖಲೀಫಾದಲ್ಲಿ ನೆಲದಿಂದ ಒಂದೇ ದಮ್ಮಿಗೆ 606 ಮೀಟರ್ ತನಕ ಪಂಪ್ ಮಾಡಿದ್ದಾರೆ. 150 ಮಿ.ಮೀ. ಪೈಪಿನಲ್ಲಿ ಆ ಎತ್ತರಕ್ಕೆ 10.7 ಘನ ಮೀಟರ್ ಹಿಡಿಯುತ್ತದೆ, ಹತ್ತಿರ ಹತ್ತಿರ ಎರಡು ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ಲಾರಿ) ಮಾಲು ಪೈಪಿನ ಒಳಗೇ ನಿಂತಿರುತ್ತದೆ. ಆ ಕಂಬದ ಭಾರಕ್ಕೇ 143 ಬಾರ್ ಒತ್ತಡ ಬೇಕು, ಪೈಪಿನ ಉಜ್ಜಾಟ ಸೇರಿದರೆ 200 ದಾಟುತ್ತದೆ.

ಕೆಡುವುದು ಎಲ್ಲಿ ಎಂದರೆ ಪೈಪಿನ ತಿರುವಿನಲ್ಲಿ. ನೀರು ಒಂದು ಕಡೆ, ಜಲ್ಲಿ ಒಂದು ಕಡೆ ಆದರೆ ಜಲ್ಲಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಪೈಪ್ ಬಿಚ್ಚದೆ ದಾರಿ ಇಲ್ಲ. ಅದಕ್ಕೇ ಎತ್ತರ ಏರಿದ ಹಾಗೆ ಜಲ್ಲಿ ಸಣ್ಣದು: ಕೆಳಗೆ 20 ಮಿ.ಮೀ., ನಡುವೆ 14, ಮೇಲೆ 10. ಮೊದಲು ಸಿಮೆಂಟ್ ಸ್ಲರಿ ಬಿಟ್ಟು ಪೈಪಿನ ಒಳಮೈ ಒದ್ದೆ ಮಾಡದಿದ್ದರೆ ಮೊದಲ ಲೋಡಿನ ಗಾರೆಯೆಲ್ಲ ಗೋಡೆಗೆ ಅಂಟಿ ಒಣ ಜಲ್ಲಿ ಮುಂದೆ ಹೋಗುತ್ತದೆ. ದುಬೈಯ ಬೇಸಿಗೆಯಲ್ಲಿ ರಾತ್ರಿ ಮಾತ್ರ ಸುರಿದರು, ಕಲಸುವ ನೀರಿನ ಒಂದು ಪಾಲಿಗೆ ಐಸ್ ಹಾಕಿದರು. ಇಲ್ಲದಿದ್ದರೆ ಮೇಲೆ ಮುಟ್ಟುವಾಗ ಹರಿಯುವ ಗುಣವೇ ಉಳಿಯುವುದಿಲ್ಲ.

ಮಂಜೇಶ್ವರ_ಲಿಫ್ಟ್:
ಲಿಫ್ಟನ್ನು ಯಾರೂ ಹೇಳಲಿಲ್ಲ. ಉಕ್ಕಿನ ಹಗ್ಗ ಸುಮಾರು 500 ಮೀಟರ್ ಓಟದಾಚೆ ತನ್ನ ಭಾರಕ್ಕೇ ಸೋಲುತ್ತದೆ. ಜಿದ್ದಾಕ್ಕೆ ಕೋನೆ ಕಂಪೆನಿಯ ಕಾರ್ಬನ್ ಫೈಬರಿನ ಹಗ್ಗ ಆಯ್ಕೆಯಾದದ್ದು ಈ ಕಾರಣಕ್ಕೆ, ಒಂದೇ ಓಟ 660 ಮೀಟರ್.

ಬದಿಯಡ್ಕ_ಸ್ಟ್ರಕ್ಚರಲ್:
ಈಗ 40 ಮಹಡಿಗೆ ಬನ್ನಿ, ನಗುವಂಥದ್ದೇನಿಲ್ಲ. ಮಹಡಿಗೆ 3.2 ಮೀಟರ್, ಮೇಲೆ ಕೆಳಗೆ ಸೇರಿ 140 ಮೀಟರ್ ಎನ್ನಿ. ಅದೇ ಸುಳಿಯ ಲೆಕ್ಕವನ್ನು 25 ಮೀ. ಅಗಲಕ್ಕೆ ಹಾಕಿದರೆ ತಾಳ ಕೂಡುವ ವೇಗ 68 ಮೀಟರ್ ದಾಟುತ್ತದೆ. ನಮ್ಮ ಕರಾವಳಿಗೆ ಗಾಳಿಯ ಹೊರೆಯ ಭಾರತೀಯ ಮಾನದಂಡ ಐಎಸ್ 875 ಹೇಳುವ ಮೂಲ ವೇಗ 39, ಅದೂ ಮೂರು ಸೆಕೆಂಡಿನ ರಭಸದ್ದು. ಸುಳಿಯ ಭಯ ಇಲ್ಲ. 50ರಿಂದ 250 ಮೀಟರಿನ ಕಾಂಕ್ರೀಟ್ ಕಟ್ಟಡಕ್ಕೆ ಐಎಸ್ 16700 ಇದೆ, ಅದರ ಪ್ರಕಾರ ಗಾಳಿಗೆ ತುದಿ ವಾಲುವುದು ಎತ್ತರದ ಐನೂರರಲ್ಲಿ ಒಂದಂಶದ ಒಳಗೆ ಇರಬೇಕು: ಇಲ್ಲಿ 280 ಮಿ.ಮೀ. ಒಳ್ಳೆಯ ಕೋರ್ ಇದ್ದರೆ ಕಷ್ಟವಲ್ಲ.

ಕಷ್ಟ ಇರುವುದು ನೆಲದಲ್ಲಿ. ಮೇಲಿನ ಮುರಕಲ್ಲು ಗಟ್ಟಿ, ಅದರ ಅಡಿಯಲ್ಲಿ ಮೆತ್ತನೆಯ ಜೇಡಿಯಂಥ ಶೇಡಿ ಮಣ್ಣು. ಒಣಗಿದ್ದಾಗ ಕಡಿದ ಹಾಗೆ ನಿಲ್ಲುತ್ತದೆ, ಮಳೆನೀರು ಕುಡಿದರೆ ಕರಗಿ ಜಾರುತ್ತದೆ. ಹಾಗಾಗಿ 40 ಮಹಡಿಯನ್ನು ಮುರಕಲ್ಲಿನ ಮೇಲೆ ಕೂರಿಸುವ ಮಾತೇ ಇಲ್ಲ, ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಶೇಡಿಯನ್ನು ದಾಟಿ ಕಪ್ಪು ಬಂಡೆಯ ಒಳಗೆ ಹೋಗಬೇಕು. ಮಹಡಿಗೆ 900 ಚದರ ಮೀಟರ್, ಚದರ ಮೀಟರಿಗೆ 1.4 ಟನ್ ಹಿಡಿದರೆ ಒಟ್ಟು 50,400 ಟನ್. ಒಳ್ಳೆಯ ಬಂಡೆಗೆ ಇಳಿದ 1.2 ಮೀ. ವ್ಯಾಸದ ಪೈಲಿಗೆ 700 ಟನ್ ಕೊಟ್ಟರೆ 72 ಪೈಲ್. ಹೋಲಿಸಿ ನೋಡುವುದಾದರೆ ಜಿದ್ದಾದಲ್ಲಿ 270 ಪೈಲ್, ಕೆಲವು 105 ಮೀಟರ್ ಆಳ, ಮೇಲೆ 4.5ರಿಂದ 5 ಮೀಟರ್ ದಪ್ಪದ ರಾಫ್ಟ್ (ಅಡಿಪಾಯದ ಚಪ್ಪಡಿ).

ನೆಲದ ಪರೀಕ್ಷೆಗೆ ಬೋರ್ ಹಾಕುವಾಗ ಬಂಡೆ ಸಿಕ್ಕಿತೆಂದು ಕೂಡಲೇ ನಿಲ್ಲಿಸಬಾರದು. ಶೇಡಿಯ ನಡುವೆ ದೊಡ್ಡ ಗುಂಡುಕಲ್ಲುಗಳು ಸಿಕ್ಕಿಕೊಂಡಿರುತ್ತವೆ, ಅದನ್ನೇ ತಳದ ಬಂಡೆ ಎಂದುಕೊಂಡರೆ ಪೈಲ್ ಗಾಳಿಯಲ್ಲಿ ನಿಂತ ಹಾಗೆ. ಕನಿಷ್ಠ 5 ಮೀಟರ್ ಬಂಡೆಯನ್ನು ಕೊರೆದು ಕಂಬದ ಹಾಗೆ ತುಂಡು ತೆಗೆದು, ಅದು ಮುರಿಯದೆ ಬರುತ್ತದೆಯೇ ನೋಡಬೇಕು. ಪೈಲಿನ ತಳದಲ್ಲಿ ಶೇಡಿಯ ಕೆಸರು ಕೂರುತ್ತದೆ, ಕಾಂಕ್ರೀಟ್ ಹಾಕುವ ಮೊದಲು ತೊಳೆದು ತೆಗೆಯದಿದ್ದರೆ ಭಾರ ಬಿದ್ದ ಮೇಲೆ ಪೈಲ್ ಇಳಿಯುತ್ತದೆ. ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಪೈಪಿನ ಬಾಯಿ ಯಾವಾಗಲೂ ಕಾಂಕ್ರೀಟಿನೊಳಗೆ 2 ಮೀಟರ್ ಮುಳುಗಿರಲಿ. ಬೇಸ್‌ಮೆಂಟಿನ ಅಗೆತ ಜೂನಿನ ಮೊದಲು ಮುಗಿದು ಗೋಡೆಗೆ ಆಧಾರ ಬಿದ್ದಿರಬೇಕು.

ಪೆರ್ಲ_ಮಾಷ್ಟ್ರು:
ಒಂದು ಸೇರಿಸುತ್ತೇನೆ: ಗುಡ್ಡದ ಜಾಗವಾದರೆ ಸುರಂಗ ಹುಡುಕಿ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಹಳೆಯ ಸುರಂಗಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅಕ್ಕಪಕ್ಕದ ತೋಟದ ಹಿರಿಯರನ್ನು ಕೇಳಿದರೆ ಬೋರಿಗಿಂತ ಮೊದಲು ಗೊತ್ತಾಗುತ್ತದೆ. ನೀರು ಬರುವ ಸುರಂಗವನ್ನು ಪೈಲ್ ಕಡಿದರೆ ಕೆಳಗಿನ ತೋಟ ಒಣಗುತ್ತದೆ, ನಿಮ್ಮ ಬೇಸ್‌ಮೆಂಟಿಗೆ ಒರತೆ ಬರುತ್ತದೆ.

ಕುಂಬಳೆ_ಎತ್ತರಪ್ರಿಯ:
ಮಾಷ್ಟ್ರೆ, ಸುರಂಗ ತಲೆಗೇ ಬಂದಿರಲಿಲ್ಲ. ಕೊನೆಗೆ ಒಂದು: ಜಿದ್ದಾ ಟವರಿನ ಮೇಲ್ಭಾಗದಲ್ಲಿ ತಟ್ಟೆಯಂತೆ ಹೊರಗೆ ಚಾಚಿದ್ದು ಎಂತದು, ಹೆಲಿಪ್ಯಾಡಾ?

ಬದಿಯಡ್ಕ_ಸ್ಟ್ರಕ್ಚರಲ್:
ಮೊದಲಿನ ಯೋಚನೆ ಹೆಲಿಪ್ಯಾಡೇ. ಅಲ್ಲಿನ ಗಾಳಿಯಲ್ಲಿ ಇಳಿಸುವುದು ಅಪಾಯ ಎಂದಾದ ಮೇಲೆ ಅದನ್ನು ತೆರೆದ ತಾರಸಿ ಮಾಡಿದರು. ಸುಮಾರು 30 ಮೀಟರ್ ವ್ಯಾಸ.