ಹೊನ್ನೆ: ಪೊನ್ನೆಯೋ, ಬೇಂಗವೋ?

ಲ್ಯಾಂಡ್‌ಸ್ಕೇಪ್ ವಿನ್ಯಾಸ ಕಲಿಯುವವರಿಗೆಂದು ಕಾಸರಗೋಡಿನ ಗಿಡಮರಗಳ ಕನ್ನಡ ಪಟ್ಟಿ ತಯಾರಾಗುತ್ತಿದೆ. 'ಹೊನ್ನೆ'ಯ ಹತ್ತಿರ ಬಂದು ಕೆಲಸ ನಿಂತಿದೆ.

ಈ ಹೆಸರಿಗೆ ಎರಡು ಮರಗಳಿವೆ. ಒಂದು, ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಕರಾವಳಿಯ ಹೊನ್ನೆ, ಕ್ಯಾಲೊಫಿಲ್ಲಮ್ ಇನೊಫಿಲ್ಲಮ್. ತುಳುವಿನಲ್ಲಿ ಪೊನ್ನೆ, ಮಲಯಾಳದಲ್ಲಿ ಪುನ್ನ. ಇನ್ನೊಂದು, ಮರಮಟ್ಟಿನ ಹೊನ್ನೆ, ಟೆರೊಕಾರ್ಪಸ್ ಮಾರ್ಸುಪಿಯಮ್. ಇದರ ತೊಗಟೆ ಕಡಿದರೆ ನೆತ್ತರಿನಂಥ ಅಂಟು ಒಸರುತ್ತದೆ. ತುಳುವಿನಲ್ಲಿ ಬೇಂಗ, ತಮಿಳಿನಲ್ಲಿ ವೇಂಗೈ. ನೆರೆಯ ಭಾಷೆಗಳಲ್ಲಿ ಗೊಂದಲವೇ ಇಲ್ಲ, ಇರುವುದು ನಮ್ಮಲ್ಲಿ.

ನಿಘಂಟಿನಲ್ಲಿ ಎರಡೂ ಅರ್ಥ ಕೊಟ್ಟು ಮುಂದೆ ಹೋಗಬಹುದು, ನೆಡುವ ನಕ್ಷೆಯಲ್ಲಿ ಆಗದು. ಕಡಲ ಬದಿಯ ಹೊಯಿಗೆಗೆ, ಉಪ್ಪುಗಾಳಿಗೆ ತಡೆಯಾಗಲೆಂದು ವಿದ್ಯಾರ್ಥಿ 'ಹೊನ್ನೆ, 12 ಗಿಡ' ಎಂದು ಬರೆದ ಎನ್ನಿ. ನರ್ಸರಿಯಿಂದ ಬೇಂಗ ಬಂದರೆ ಕೆಲಸ ಕೆಟ್ಟಿತು: ಅದು ಗುಡ್ಡದ, ನೀರು ಬಸಿದುಹೋಗುವ ಮಣ್ಣಿನ ಮರ, ಎಲೆ ಉದುರಿಸುವ ಜಾತಿ. ಗಾಳಿತಡೆ ಬೇಸಗೆಯಲ್ಲಿ ಬೋಳು. ಪೊನ್ನೆಯೋ ವರ್ಷವಿಡೀ ಹಸುರು, ಉಪ್ಪು ತಾಳುತ್ತದೆ, ಆದರೆ ನಿಧಾನ ಬೆಳೆಯುತ್ತದೆ, ಅಗಲಕ್ಕೆ ಹರಡುತ್ತದೆ. ಕಾಲುದಾರಿಗೆ ಒತ್ತಿ ನೆಟ್ಟರೆ ಉದುರಿದ ಗುಂಡು ಕಾಯಿಗಳ ಮೇಲೆ ಜಾರುವವರ ಶಾಪ ವಿನ್ಯಾಸಕಾರನಿಗೇ.

ಸಸಿ ಇಳಿಸಿಕೊಳ್ಳುವಾಗ ಎಲೆ ನೋಡಿದರೆ ಸಾಕು. ಪೊನ್ನೆಯದು ಒಂಟಿ ಎಲೆ, ದಪ್ಪ, ಹೊಳಪು, ಎದುರುಬದುರು ಜೋಡಣೆ. ನಡುನರದಿಂದ ಅಂಚಿಗೆ ಕೂದಲೆಳೆಯಂಥ ನರಗಳು ಒತ್ತೊತ್ತಾಗಿ ಓಡುತ್ತವೆ. ಬೇಂಗದಲ್ಲಿ ಒಂದೇ ತೊಟ್ಟಿಗೆ ಸಾಮಾನ್ಯವಾಗಿ 5ರಿಂದ 7 ಕಿರುಎಲೆ. ಕಾಯಿ ಸಿಕ್ಕಿದರಂತೂ ಸಂಶಯವೇ ಬೇಡ: ಒಂದು ಗೋಲಿಯಂತೆ ಗುಂಡು, ಇನ್ನೊಂದು ಸುತ್ತಲೂ ರೆಕ್ಕೆಯಿರುವ ಚಪ್ಪಟೆ ಬಿಲ್ಲೆ.

ಪೊನ್ನೆಯನ್ನು 'ಸುರಹೊನ್ನೆ' ಎನ್ನೋಣ ಎಂಬ ಸಲಹೆ ಬಂದಿದೆ. ಬೇಡ. ಆ ಹೆಸರು ಕೇಳಿದರೆ ಹಲವರು ಸುರಗಿ ಹೂವಿನ ಮರ ಎಂದುಕೊಳ್ಳುತ್ತಾರೆ, ಎರಡಿದ್ದದ್ದು ಮೂರಾಗುತ್ತದೆ. ಶಾಸ್ತ್ರೀಯ ಹೆಸರು ಪಟ್ಟಿಯಲ್ಲಿ ಹೇಗೂ ಇರುತ್ತದೆ, ಆದರೆ ಗುಂಡಿ ತೋಡುವವರ ಬಾಯಲ್ಲಿ ಅದು ನಿಲ್ಲದು. ಸದ್ಯಕ್ಕೆ 'ಎಣ್ಣೆಹೊನ್ನೆ', 'ಬೇಂಗ' ಎಂದು ಬರೆದಿಟ್ಟಿದ್ದೇವೆ.

ಕೇಳಬೇಕಾದ್ದು ಎರಡು. ಘಟ್ಟದ ಮೇಲಿನವರಿಗೆ 'ಬೇಂಗ' ತಿಳಿಯುತ್ತದೆಯೇ, ಅಥವಾ 'ಕೆಂಪುಹೊನ್ನೆ'ಯಂಥ ಬೇರೆ ಬಳಕೆ ಇದೆಯೇ? ಪೊನ್ನೆ ಹೊನ್ನೆಯಾದದ್ದು ಪಕಾರ ಹಕಾರವಾದ ದಾರಿಯಲ್ಲೇ ಸರಿ; ಬೇಂಗಕ್ಕೂ ಅದೇ ಹೆಸರು ಅಂಟಿದ್ದು ಹಳದಿ ಹೂವಿನ 'ಹೊನ್ನಿ'ನಿಂದಲೋ? ಹಳೆಯ ಪ್ರಯೋಗ ಗೊತ್ತಿದ್ದವರು, ಮರದ ಗುರುತು ಸಮೇತ ಬರೆಯಿರಿ.